ಕ್ಯಾಮೆರಾ ಕಾಲಡಿಯ ಜಾಗ

ಚಿತ್ರಶಾಲೆಯಲ್ಲಿ ನೆಲ ಒರೆಸುವವಳಿಗೆ ಅಲ್ಲಿನವರು ಇಟ್ಟ ಹೆಸರು ಫಳಫಳಮ್ಮ. ಹತ್ತೊಂಬತ್ತು ವರ್ಷದಲ್ಲಿ ಅವಳ ಕೆಲಸದತ್ತ ಯಾರೂ ಬೆರಳು ಮಾಡಿದ್ದಿಲ್ಲ. ಆದರೆ ಕೆಲಸ ಕಲಿಸಿದ ಅಕ್ಕನ ಬಾಯಿಂದ ಮಾತ್ರ ಒಂದು ಮೆಚ್ಚುಗೆಯ ಮಾತೂ ಉದುರಿರಲಿಲ್ಲ. ಮೊಣಕಾಲು ಕೈಕೊಟ್ಟು ಅಕ್ಕ ಮನೆಯಲ್ಲಿ ಕೂತಿದ್ದಳು ನಿಜ, ಅವಳ ಕಣ್ಣಿಗೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ.

ಇವತ್ತಾದರೂ ಅಕ್ಕ ಮೆಚ್ಚಿಯೇ ಮೆಚ್ಚುತ್ತಾಳೆಂದು ಫಳಫಳಮ್ಮ ಬೆಳಗ್ಗಿನಿಂದ ನಿಂತಲ್ಲಿ ನಿಂತಿರಲಿಲ್ಲ. ಕಲಾವಿದೆಯೊಬ್ಬಳು ಇವಳ ಕೆಲಸವನ್ನೇ ವಿಡಿಯೊ ಮಾಡಿ, ಇವಳು ಒರೆಸಿದ ಆ ದೊಡ್ಡ ಹಾಲಿನಲ್ಲೇ ತೋರಿಸುತ್ತಿದ್ದಳು. ಅಕ್ಕನ ಕೈಹಿಡಿದು ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದಾಯಿತು.

ಗೋಡೆಯ ತುಂಬ ಫಳಫಳಮ್ಮನ ಬೆನ್ನು. ಮಾಪು ಎಳೆಯುತ್ತ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತಿದೆ. ಒರೆಸಿದ್ದನ್ನು ತುಳಿಯಬಾರದು ಎಂಬುದು ಅಕ್ಕನ ಮೊದಲ ಪಾಠ. ಅರ್ಧ ಗಂಟೆ ಭುಜ, ಬೆವರು, ಸೊಂಟ. ಕೊನೆಗೆ ಬಾಗಿಲ ಬಳಿಯ ಕ್ಯಾಮೆರಾ ಹತ್ತಿರ ಬಂದು, ತಿರುಗಿ, ಕೆಳಗೊಮ್ಮೆ ದುರುಗುಟ್ಟಿ ನೋಡುತ್ತಾಳೆ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ.

“ಎಂಥ ನೋಟ ನೋಡಿ. ನಾವು ನೋಡ್ತಿರೋದೇ ತಪ್ಪು ಅನ್ನೋ ಹಾಗಿದೆ,” ಎಂದ ಕನ್ನಡಕದವನೊಬ್ಬ.

ಫಳಫಳಮ್ಮನಿಗೆ ನಗು ತಡೆಯಲಾಗಲಿಲ್ಲ. ಅವಳು ದುರುಗುಟ್ಟಿದ್ದು ಕ್ಯಾಮೆರಾದ ಮೂರು ಕಾಲುಗಳನ್ನು, ಇದನ್ನು ಯಾವಾಗ ಎತ್ತುತ್ತಾರಪ್ಪ ಎಂದು. ನಗುತ್ತಲೇ ಅಕ್ಕನ ಕಡೆ ತಿರುಗಿದಳು.

“ಆ ಕಾಲಡಿ ಒರೆಸದೆ ಬಿಟ್ಟೆಯಲ್ಲೇ,” ಎಂದಳು ಅಕ್ಕ.

“ಅದನ್ನ ಎತ್ತಿದ ಮೇಲೆ ಒರೆಸಿದೆ ಕಣಕ್ಕ.”

“ಯಾರು ನೋಡಿದ್ರು?”

ಇಷ್ಟು ಜನರ ಕಣ್ಣಿಗೆ ಬೀಳದ್ದು ಅಕ್ಕನ ಕಣ್ಣಿಗೆ ಬಿದ್ದಿತ್ತು, ಅಕ್ಕ ಹೇಳಿದ್ದೂ ಸರಿಯಾಗಿತ್ತು, ಆಮೇಲೆ ಒರೆಸಿದ್ದು ವಿಡಿಯೊದಲ್ಲಿ ಇರಲಿಲ್ಲ. ಫಳಫಳಮ್ಮ ಎದ್ದವಳೇ ಬಕೆಟ್ಟು, ಮಾಪು ತಂದಳು. ಕ್ಯಾಮೆರಾ ನಿಂತಿದ್ದ ಜಾಗದಲ್ಲೇ ಈಗ ಜನ ಗುಂಪುಕಟ್ಟಿದ್ದರು.

“ಸ್ವಲ್ಪ ಜರುಗ್ತೀರಾ.”

ಜನ ಗೋಡೆ ಬಿಟ್ಟು ಅವಳ ಕಡೆ ತಿರುಗಿದರು, ಫೋನುಗಳು ಮೇಲೆದ್ದವು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಆ ಒಂದು ತುಂಡು ನೆಲವನ್ನು ಉತ್ಸಾಹದಿಂದ ತಿಕ್ಕಿ, ಹಿಂದೆ ಸರಿಯುತ್ತ ಹೊಸ್ತಿಲಾಚೆ ಹೋಗಿ ನಿಂತು, ಅಕ್ಕನ ಮುಖವನ್ನೇ ನೋಡಿದಳು.

ಅಕ್ಕ ಕೋಲೂರಿ ಬಂದಳು. ಬಗ್ಗಿ ಎಡಬಲ ನೋಡಿದಳು. ಆಮೇಲೆ ಕೋಲನ್ನು ಅಡ್ಡ ಹಿಡಿದು ಜನರನ್ನು ತಡೆದಳು.

“ಒಣಗೋ ತನಕ ಯಾರೂ ತುಳೀಬೇಡಿ. ನನ್ನ ತಂಗಿ ಒರೆಸಿದ್ದು.”