ಬಾಲ್ಯ ಕಂಡವರನ್ನು ಕರೆತನ್ನಿ

ಮಖ್ತಲ್‌ನಲ್ಲಿ ತಾಯಿ ಸಂಗಮ್ಮ ಲಿಂಗೈಕ್ಯರಾದ ದಿನ ಶಿವಗಂಗಾ ಅಳಲಿಲ್ಲ. ಅವರ ಬಳಗದಲ್ಲಿ ಯಾರನ್ನು ಕೇಳಿದರೂ ಈ ಮಾತನ್ನು ಮೊದಲು ಹೇಳುತ್ತಾರೆ. ಶಿವಗಂಗಾ ಅವರೂ ಅದನ್ನು ಅಲ್ಲಗಳೆಯುವುದಿಲ್ಲ.

ಸಂಗಮ್ಮನವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಕನ್ನಡ, ತೆಲುಗು ಎರಡನ್ನೂ ಆಡುವ ಆ ಸೀಮೆಯಲ್ಲಿ ಸಾವಿನ ಮನೆಗೆ ಬಂದ ಹೆಂಗಸರು ಒಬ್ಬರ ಕೊರಳಿಗೆ ಒಬ್ಬರು ಬಿದ್ದು, ಹೋದವರ ಗುಣಗಳನ್ನು ಹಾಡಿಕೊಂಡು ಅಳುತ್ತಾರೆ. ಗದ್ವಾಲದಿಂದ ಬಂದ ಅಕ್ಕ ಗಂಗಾಂಬಿಕಾ ಹೊಸ್ತಿಲು ದಾಟಿದವರೇ ತಂಗಿಯ ಕೊರಳಿಗೆ ಬಿದ್ದರು. ಶಿವಗಂಗಾ ಎರಡೂ ಕೈಗಳಿಂದ ಅಕ್ಕನನ್ನು ದೂಡಿ ಹಿತ್ತಲಿಗೆ ನಡೆದರು. ಮಣ್ಣಿಗೆ ಹೋಗಿ ಬರುವವರ ಕಾಲು ತೊಳೆಯಲು ಬೇಕಾಗುವ ನೀರನ್ನು ಕೊಡಗಳಿಗೆ ತುಂಬುತ್ತ ಅಲ್ಲಿಯೇ ಉಳಿದರು.

“ನೋಡ್ರೆವ್ವಾ, ಹಡೆದಾಕಿ ಹೋಗ್ಯಾಳ, ಈಕಿ ನೀರು ತುಂಬಾಕ ಹತ್ಯಾಳ. ಎದಿಯಾಗ ಕಲ್ಲೈತೇನು?” ಎಂದು ಸೋದರತ್ತೆಯ ಮಗಳು ಭಾಗ್ಯ ಎಲ್ಲರಿಗೂ ಕೇಳುವಂತೆ ಅಂದರು. ಶಿವಗಣಾರಾಧನೆಯ ದಿನ ಅಕ್ಕ ತಂಗಿಯರು ಬೇರೆ ಬೇರೆ ಪಂಕ್ತಿಯಲ್ಲಿ ಉಂಡರು. ಆಮೇಲೆ ಗಂಗಾಂಬಿಕಾ ಫೋನು ಎತ್ತುವುದನ್ನೂ ಬಿಟ್ಟರು.

ಶಿವಗಂಗಾ ಅವರಿಗೆ ಈಗ ನಲವತ್ತೊಂದು. ನಾರಾಯಣಪೇಟೆಯಲ್ಲಿ ಪತಿ ಶಿವಕಾಂತ ಅವರದು ಸೀರೆಯ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಕುಳಿತು ಶಿವಗಂಗಾ ಸೀರೆಗಳಿಗೆ ಫಾಲ್ ಹೊಲಿಯುತ್ತಾರೆ. ಗಿರಾಕಿಗಳ ಎದುರಿಗೆ ಬರುವುದಿಲ್ಲ. ಮದುವೆಗಳಿಗೆ ಹೋದರೆ ಬ್ಯಾಂಡಿನವರು ಬರುವ ಮೊದಲೇ ಅಕ್ಷತೆ ಕೊಟ್ಟು ಹಿಂತಿರುಗುತ್ತಾರೆ. ಇದನ್ನು ಜನ ಸೊಕ್ಕು ಎಂದುಕೊಂಡಿದ್ದರು; ಶಿವಗಂಗಾ ತಾವು ಇರುವುದೇ ಹೀಗೆ ಎಂದುಕೊಂಡಿದ್ದರು.

ತಾಯಿ ಹೋದ ಮೇಲೆ ನಿದ್ದೆ ಕೆಟ್ಟಿತು. ಅದಕ್ಕೆಂದು ಮಹಬೂಬ್‌ನಗರದ ಮನೋವೈದ್ಯೆಯೊಬ್ಬರ ಬಳಿ ಹೋದಾಗ, ಅವರು ಸಾವಿನ ಮನೆಯ ಸಂಗತಿಯನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡರು. ಶಬ್ದ, ಸ್ಪರ್ಶ, ಜನರ ಒಡನಾಟ ಇವುಗಳನ್ನು ಕೆಲವರ ಮಿದುಳು ಹುಟ್ಟಿನಿಂದಲೇ ಬೇರೆ ಬಗೆಯಲ್ಲಿ ಗ್ರಹಿಸುತ್ತದೆ, ಅದಕ್ಕೆ ಆಟಿಸಂ ಎನ್ನುತ್ತಾರೆ, ನಿಮ್ಮದು ಅದಿರಬಹುದು, ಇರದೆಯೂ ಇರಬಹುದು ಎಂದರು. ಪರೀಕ್ಷೆ ಮಾಡಿಸುವುದು ಬಿಡುವುದು ನಿಮ್ಮ ಇಷ್ಟ. ಮಾಡಿಸುವುದಾದರೆ ನಿಮ್ಮ ಬಾಲ್ಯ ಕಂಡವರೊಬ್ಬರನ್ನು ಕರೆತನ್ನಿ ಎಂದೂ ಹೇಳಿದರು.

ತಂದೆ ಹೋಗಿ ಬಹಳ ಕಾಲವಾಗಿತ್ತು. ಮನೆಯವರಲ್ಲಿ ಉಳಿದವರು ಅಕ್ಕ ಒಬ್ಬರೇ.

“ಈ ವಯಸ್ಸಿನಾಗ ಎಂಥಾ ಪರೀಕ್ಷಾ? ಪಾಸಾದ್ರ ಏನ್ ಕೊಡ್ತಾರ?” ಎಂದು ಶಿವಕಾಂತ ನಕ್ಕರು.

“ಪಾಸಾದ್ರ ನಾ ಕಲ್ಲಲ್ಲಂತ ಗೊತ್ತಾಗತೈತ್ರಿ.”

“ಮತ್ತ ಫೇಲಾದ್ರ?”

ಶಿವಕಾಂತ ಅದನ್ನು ತಮಾಷೆಗೆ ಕೇಳಿದ್ದರು. ಆದರೆ ಆ ಪ್ರಶ್ನೆಯೇ ಶಿವಗಂಗಾ ಅವರನ್ನು ಶ್ರಾವಣದಿಂದ ದಸರೆಯವರೆಗೆ ತಡೆದು ನಿಲ್ಲಿಸಿತು. ಆಟಿಸಂ ಅಲ್ಲ ಎಂದು ವೈದ್ಯರು ಹೇಳಿಬಿಟ್ಟರೆ ಭಾಗ್ಯ ಅಂದದ್ದೇ ನಿಜವಾಗುತ್ತದೆ ಎಂದು ಅವರು ನಂಬಿದ್ದರು. ತಾಯಿಯ ಮೇಲೆ ತಮಗೆ ಪ್ರೀತಿ ಇತ್ತೇ ಎಂಬುದನ್ನು ಬೇರೆಯವರು ತೀರ್ಮಾನಿಸುವ ಪರೀಕ್ಷೆಯಾಗಿ ಅದು ಅವರಿಗೆ ಕಾಣುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ, ಮಖ್ತಲ್‌ನಲ್ಲಿ ಬಸ್ಸು ಬದಲಿಸಿ, ಕೃಷ್ಣೆಯನ್ನು ದಾಟಿ, ಗದ್ವಾಲಕ್ಕೆ ಹೋದರು. ಗಂಗಾಂಬಿಕಾ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು.

“ಬಂದ್ಯಾ? ದಾರಿ ತಪ್ಪಿತೇನು?”

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತನ್ನು ಶಿವಗಂಗಾ ನಿಂತಲ್ಲಿಂದಲೇ ಹೇಳಿ ಮುಗಿಸಿದರು: “ಡಾಕ್ಟರು ಪರೀಕ್ಷಾ ಮಾಡಸ್ಕೋ ಅಂದಾರ. ಸಣ್ಣಾಕಿದ್ದಾಗ ನೋಡಿದವರು ಬೇಕಂತ. ಅವ್ವ ಇಲ್ಲ. ನೀ ಬರ್ತಿಯೇನಕ್ಕ? ಬರದಿದ್ರ ಇಲ್ಲಂತ ಹೇಳಿಬಿಡು, ವಾಪಸ್ ಬಸ್ಸೈತಿ.”

“ಅವ್ವ ಇಲ್ಲಂತ ಈಗ ನೆನಪಾತೇನು ನಿನಗ?”

ಇಲ್ಲಿಂದ ಮುಂದೆ ಇಬ್ಬರ ನೆನಪುಗಳು ಹೊಂದುವುದಿಲ್ಲ. ತಾನು ಆ ಕ್ಷಣವೇ ಮಾತು ಮುಂದುವರಿಸಿದೆ ಎನ್ನುತ್ತಾರೆ ಗಂಗಾಂಬಿಕಾ. ಬುಟ್ಟಿಯ ಅರ್ಧ ಶೇಂಗಾ ಸುಲಿದ ಮೇಲೆ ಅಕ್ಕ ಮಾತು ಮುಂದುವರಿಸಿದರು ಎನ್ನುತ್ತಾರೆ ಶಿವಗಂಗಾ. ಆಮೇಲೆ ಆಡಿದ ಮಾತನ್ನು ಮಾತ್ರ ಇಬ್ಬರೂ ಒಂದೇ ರೀತಿ ಹೇಳಿದರು.

“ಮುತ್ಯಾ ಸತ್ತಾಗ ನೀ ಬಾಳ ಸಣ್ಣಾಕಿ. ಅಷ್ಟೂ ಮಂದಿ ಅಳಾಕ ಹತ್ತಿತ್ತು. ಅತ್ತಿ ಎತ್ಕೊಳ್ಳಾಕ ಬಂದ್ರ ಆಕಿ ಕೈ ಕಚ್ಚಿ, ಜೋಳದ ಚೀಲದ ಹಿಂದ ಹೊಕ್ಕಿದ್ದಿ. ಮಂದಿ ಎಳಿಯಾಕ ಬಂದ್ರ ಅವ್ವ ಅಡ್ಡ ನಿಂತ್ಲು. ‘ಯಾರೂ ಮುಟ್ಟಬ್ಯಾಡ್ರಿ, ಅದಕ್ಕೂ ದುಃಖ ಆಗೈತಿ, ತಾನಾ ಬರತೈತಿ’ ಅಂದ್ಲು. ಕಾಯಾಕ ನನ್ನ ಕುಂದರಿಸಿದ್ಲು.” ಗಂಗಾಂಬಿಕಾ ಸೆರಗಿನಿಂದ ಮೂಗು ಒರೆಸಿಕೊಂಡರು. “ನಿನ್ನ ಮುಟ್ಟಬಾರದಂತ ನನಗ ಗೊತ್ತಿತ್ತು, ತಂಗಿ. ಅವ್ವ ಹೋದ ದಿನ ಮರತುಬಿಟ್ಟೆ.”

ಶಿವಗಂಗಾ ಅವರಿಗೆ ಅಜ್ಜ ಸತ್ತ ಆ ದಿನದ ನೆನಪೇ ಇಲ್ಲ. ಅಕ್ಕ ಹೇಳಿದ್ದನ್ನು ಅವರು ಮೂರು ಬಾರಿ ಹೇಳಿಸಿಕೊಂಡರಂತೆ. “ಅವ್ವ ನನ್ನ ಕಲ್ಲಂತ ತಿಳಕೊಂಡು ಹೋಗಿಲ್ಲಲ್ಲ, ಅಷ್ಟ ಸಾಕಾತು ನನಗ,” ಎಂದು ಅವರು ಹೇಳುವಾಗ ದನಿ ಹಗುರಾಗಿತ್ತು. ಫೇಲಾದರೆ ಎಂಬ ಪ್ರಶ್ನೆ ಅಂದಿನಿಂದ ಅವರನ್ನು ಕಾಡಿಲ್ಲ. ವೈದ್ಯರು ಏನೇ ಹೇಳಲಿ, ತನ್ನನ್ನು ತಾನು ತಿಳಿಯುವುದಕ್ಕೆ ಆ ಪರೀಕ್ಷೆ ಬೇಕು ಎಂದು ಅಲ್ಲಿಯೇ ನಿರ್ಧರಿಸಿದರು.

ಅಕ್ಕನಿಗೆ ಎದುರಾಗಿ, ಕೈಗೆ ಸಿಗದಷ್ಟು ದೂರದಲ್ಲಿ ಕುಳಿತು ಅವರೂ ಶೇಂಗಾ ಸುಲಿಯತೊಡಗಿದರು. ಗಂಗಾಂಬಿಕಾ ಹತ್ತಿರ ಸರಿಯಲಿಲ್ಲ. ಬುಟ್ಟಿಯನ್ನು ಮಾತ್ರ ತಂಗಿಯತ್ತ ನೂಕಿದರು.

“ಆ ಡಾಕ್ಟರಮ್ಮನ ನಂಬರ್ ಕೊಡು. ನೀ ಮಾತಾಡಿದ್ರ ‘ಹ್ಞೂಂ’ ಅಂದು ಇಟ್ಟುಬಿಡ್ತಿ.”

ಫೋನು ಎತ್ತಿಕೊಂಡ ಸಹಾಯಕಿಯೊಡನೆ ಗಂಗಾಂಬಿಕಾ ತೆಲುಗಿನಲ್ಲಿ ಮಾತನಾಡಿ ದಿನ ಗೊತ್ತುಮಾಡಿದರು. ಬಳಿಕ, ತಂಗಿಯ ಬಾಲ್ಯದ ಬಗ್ಗೆ ಹೇಳಲು ತಮಗೆ ಎಷ್ಟು ಹೊತ್ತು ಕೊಡುತ್ತೀರಿ ಎಂದು ವಿಚಾರಿಸಿದರು. ಅರ್ಧ ಗಂಟೆ ಎಂಬ ಉತ್ತರ ಬಂತು.

“ಅರ್ಧ ತಾಸು ಎಲ್ಲಿ ಸಾಲತೈತಿ?” ಎಂದು ಅವರು ತಂಗಿಯತ್ತ ತಿರುಗಿ ಕನ್ನಡದಲ್ಲಿ ಅಂದರು. “ನೀ ಒಂದನೇ ಕ್ಲಾಸಿಗಂತ ಸಾಲಿಗೆ ಸೇರಿದ್ದು ಹೇಳೋದರಾಗ ಅಷ್ಟೂ ಹೊತ್ತು ಮುಗಿತೈತಿ.”