ಹಾಲುಕೋಣೆಯ ಬಾಣಂತಿ

ನಮ್ಮ ಮನೆಯ ಹಾಲುಕೋಣೆಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಕೆತ್ತಿ ಎಂಬ ಕಣಿವೆಯ ಮೇಲಿದ್ದ ನಮ್ಮ ಹಟ್ಟಿಯಲ್ಲಿ ಎಲ್ಲ ಮನೆಗಳಲ್ಲೂ ಇದೇ ಕಟ್ಟಳೆ. ಎಮ್ಮೆ ಕರೆಯುವವರು ಗಂಡಸರು, ಹಾಲು ಒಳಗಿಡುವವರು ಗಂಡಸರು, ಮಜ್ಜಿಗೆ ಕಡೆಯುವವರೂ ಅವರೇ. ಈ ಇಡೀ ವ್ಯವಹಾರದಲ್ಲಿ ಹೆಣ್ಣೆಂದರೆ ಎಮ್ಮೆಯೊಂದೇ. ಅದನ್ನೂ ಒಳಗೆ ಬಿಡುತ್ತಿರಲಿಲ್ಲ.

ಅಜ್ಜಿಯನ್ನು ನಾವು ಹೆತ್ತೆ ಎಂದು ಕರೆಯುತ್ತಿದ್ದೆವು. ಹದಿಮೂರಕ್ಕೆ ಮದುವೆಯಾಗಿ ಬಂದವಳು, ಆ ಬಾಗಿಲಿಗೆ ಎರಡು ಮಾರು ದೂರದ ಒಲೆಯ ಮುಂದೆ ಕೂತು ಕೂತೇ ಮುದುಕಿಯಾದಳು. ಸಾಯುವ ಮುಂಚೆ ಒಮ್ಮೆಯಾದರೂ ಆ ಕೋಣೆಯೊಳಗೆ ಹೋಗಿ ನೋಡಬೇಕು ಎಂಬುದೊಂದೇ ಅವಳ ಆಸೆ. ಬಾಯಿಬಿಟ್ಟು ಕೇಳಿದಾಗಲೆಲ್ಲ ಅಜ್ಜನದು ಒಂದೇ ಮಾತು, ಹೊಣೆ ಯಾರದು ಎಂದು.

"ಎಮ್ಮೆ ಬತ್ತಿದರೆ ದಾರ ಹೊಣೆ?"

ಬೆಣ್ಣೆಗೆ ಇಲಿ ಬಾಯಿ ಹಾಕತೊಡಗಿದಾಗ ಅಜ್ಜ ಎಲ್ಲಿಂದಲೋ ಒಂದು ಬೆಕ್ಕಿನ ಮರಿ ತಂದ. ಗಂಡು ಕೊತ್ತಿ, ಒಳಗೆ ಬಿಡಲು ಅಡ್ಡಿಯಿಲ್ಲ ಎಂದ. ಗಂಡೆಂದು ಹೇಗೆ ತಿಳಿಯಿತು ಎಂದು ಕೇಳಿದ್ದಕ್ಕೆ, ಮುಖ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ರೇಗಿದ. ಅದಕ್ಕೆ ಊರಗೌಡರದೇ ಮುಖ ಇದ್ದದ್ದು ನಿಜ. ಎರಡು ವರ್ಷ ಅದು ಬಾಲ ಎತ್ತಿಕೊಂಡು ಅಜ್ಜಿಯ ಕಣ್ಣೆದುರೇ ಒಳಗೆ ಹೋಗಿ ಬರುತ್ತಿತ್ತು, ಅಜ್ಜಿ ಹಲ್ಲು ಕಡಿಯುತ್ತಿದ್ದಳು. ಬಾಲ ಎತ್ತಿದಾಗಲಾದರೂ ಅಜ್ಜ ಒಮ್ಮೆ ಹಿಂದಿನಿಂದ ನೋಡಬಹುದಿತ್ತು. ಕೊನೆಕೊನೆಗೆ ಅದರ ಹೊಟ್ಟೆ ದಪ್ಪಗಾದಾಗ, ಎಲ್ಲ ನಮ್ಮ ಮನೆಯ ಬೆಣ್ಣೆಯ ಮಹಿಮೆ ಎಂದು ಬೀಗಿದ.

ಒಂದು ಬೆಳಿಗ್ಗೆ ಹಾಲು ಇಡಲು ಒಳಗೆ ಹೋದವನು ಮುಂಗೈ ತುಂಬ ರಕ್ತದ ಗೀರುಗಳೊಂದಿಗೆ ಹೊರಗೆ ಬಂದು ಜಗಲಿಯಲ್ಲಿ ಕುಸಿದ.

"ಎಂಗ ಮನೆ ಕೊತ್ತಿ ಮರಿ ಹಾಕಿತು," ಎಂದ.

ಮಡಕೆಗಳ ಹಿಂದೆ ನಾಲ್ಕು ಮರಿ. ಆಗ ಶುರುವಾಯಿತು ಪೇಚಾಟ. ಹೆರಿಗೆಯಾದ ಕೋಣೆಗೆ ಗಂಡಸರು ಹೋಗಬಾರದು. ಹಾಲುಕೋಣೆಗೆ ಹೆಂಗಸರು ಹೋಗಬಾರದು. ಬಾಣಂತಿಯನ್ನು ಎತ್ತಿ ಹೊರಗಿಡೋಣವೆಂದರೆ ಎತ್ತಲಿಕ್ಕೂ ಯಾರಾದರೂ ಒಳಗೆ ಹೋಗಬೇಕಲ್ಲ. ಹಾಲಿನ ಪಾತ್ರೆಗಳೆಲ್ಲ ಒಳಗೆ, ನಾವೆಲ್ಲ ಹೊರಗೆ. ಎಮ್ಮೆಕರುಗಳು ಪೂರ್ತಿ ಹಾಲು ಕುಡಿದು ಕುಣಿದಾಡಿದವು. ಮಜ್ಜಿಗೆಯಿಲ್ಲದೆ ನಾವು ಎರಡು ದಿನ ರಾಗಿಮುದ್ದೆಯನ್ನು ಬರೀ ಅವರೆಸಾರಿನಲ್ಲಿ ಅದ್ದಿ ನುಂಗಿದೆವು.

ಮೂರನೆಯ ದಿನ ಊರಗೌಡರೂ ನಾಲ್ವರು ಹಿರಿಯರೂ ನಮ್ಮ ಜಗಲಿಯಲ್ಲಿ ಸೇರಿದರು. ಕೊತ್ತಿಯ ಮೈಲಿಗೆ ಎಷ್ಟು ದಿನ ಎಂದು ಮಧ್ಯಾಹ್ನದವರೆಗೆ ವಾದಿಸಿದರು. ಒಬ್ಬರಂತೂ ಮರಿಗಳ ಅಪ್ಪ ಯಾವ ಹಟ್ಟಿಯವನು ಎಂದು ವಿಚಾರಿಸಿದರು. ನಮ್ಮಲ್ಲಿ ಒಂದೇ ಹಟ್ಟಿಯಲ್ಲಿ ಹುಟ್ಟಿದವರು ಅಣ್ಣತಂಗಿಯರ ಲೆಕ್ಕ; ನಮ್ಮ ಹಟ್ಟಿಯ ಕೊತ್ತಿಯೇ ಆಗಿದ್ದರೆ ಅದಕ್ಕೆ ಬೇರೆಯೇ ಪಂಚಾಯಿತಿ ಬೇಕಿತ್ತು.

ಅಜ್ಜಿ ಒಲೆಯ ಮುಂದಿನಿಂದಲೇ ಕೇಳಿದಳು. "ಎರಡು ವರ್ಷ ಒಂದು ಹೆಣ್ಣು ಒಳಗೆ ಇತ್ತಲ್ಲಾ. ಎಮ್ಮೆ ಬತ್ತಿತಾ?"

ಆ ಎರಡು ವರ್ಷದ ಮಜ್ಜಿಗೆಯನ್ನು ಅಲ್ಲಿದ್ದ ಐವರೂ ಕುಡಿದಿದ್ದರು. ಕೊನೆಗೆ ಗೌಡರು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. ಅಜ್ಜಿ ಒಳಗೆ ಹೋಗಬಹುದು. ಮನೆಯ ಹೆಂಗಸಾಗಿ ಅಲ್ಲ, ಕೊತ್ತಿಯ ಸೂಲಗಿತ್ತಿಯಾಗಿ.

"ಮರಿ ಕಣ್ಣು ಬಿಡುವ ತನಕ," ಎಂದರು. "ಆಮೇಲೆ ಒಳಗೆ ಹೋಗುವುದು ಇಲ್ಲೆ."

ಅಜ್ಜಿ ಮಿಂದು, ಒಗೆದ ಬಿಳಿಬಟ್ಟೆ ಉಟ್ಟು, ತಲೆವಸ್ತ್ರ ಕಟ್ಟಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಅವಳ ಕೈಯಲ್ಲಿದ್ದ ಮೊರದ ತುಂಬ ಜೇಡರಬಲೆ, ಇಲಿಹಿಕ್ಕೆ, ಕಸ. ಮೊರವನ್ನು ಅಜ್ಜನ ಮುಂದಿಟ್ಟು "ಇದು ಮಡಿ," ಎಂದಳು.

ಅಂದಿನಿಂದ ಅಜ್ಜ ಹಾಲು ಕರೆದು ತಂದು ಹೊಸ್ತಿಲ ಹೊರಗೆ ನಿಲ್ಲುತ್ತಿದ್ದ. ಅಜ್ಜಿ ಒಳಗಿನಿಂದ ಕೈಚಾಚಿ ಪಾತ್ರೆ ತೆಗೆದುಕೊಳ್ಳುತ್ತಿದ್ದಳು. ದಿನವೂ ಅವನು ಕೇಳುತ್ತಿದ್ದ.

"ಕಣ್ಣು ಬಿಟ್ಟವಾ?"

"ಇಲ್ಲೆ. ಚಳಿ ಹೆಚ್ಚು."

ಒಳಗೆ ಹೋಗಿ ನೋಡಬಲ್ಲವಳು ಅವಳೊಬ್ಬಳೇ ಅಲ್ಲವೇ. ಹತ್ತು ದಿನ ಕಳೆಯಿತು, ಇಪ್ಪತ್ತು ಕಳೆಯಿತು. ಒಳಗಿನಿಂದ ಮಡಕೆ ಉರುಳುವ ಸದ್ದು, ಮರಿಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುವ ಸದ್ದು. ಅಜ್ಜ ಹುಬ್ಬು ಗಂಟಿಕ್ಕಿ ಕೇಳಿಸಿಕೊಳ್ಳುತ್ತಿದ್ದ. ಅಜ್ಜಿ ಒಳಗೆ ಮಜ್ಜಿಗೆ ಕಡೆಯುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಅವಳು ಅಷ್ಟು ಸುಖವಾಗಿದ್ದುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆ ಮರಿಗಳು ಕುರುಡಾಗಿಯೇ ಇರಲಿ ಎಂದು ದೇವರಲ್ಲಿ ಬೇಡಿಕೊಂಡ ಪಾಪ ನನ್ನ ತಲೆಯ ಮೇಲಿದೆ.

ತಿಂಗಳು ಕಳೆದ ಮೇಲೆ ಒಂದು ದಿನ ಗೌಡರು ಬಂದು ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಹಾಲುಕೋಣೆಯಿಂದ ಒಂದು ಮರಿ ನೆಗೆದು ಬಂದು ನೇರ ಪಕ್ಕದಲ್ಲಿ ಕೂತಿದ್ದ ಅಜ್ಜನ ಮಡಿಲು ಹತ್ತಿತು. ಎರಡೂ ಕಣ್ಣು ಅಗಲವಾಗಿ ಬಿಟ್ಟು ಅವನನ್ನೇ ನೋಡಿತು. ಅದರ ಹಿಂದೆಯೇ ಓಡಿಬಂದ ಅಜ್ಜಿ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಕಣ್ಣು ಬಿಟ್ಟವಾ?" ಎಂದು ಗೌಡರು ಲೋಟ ಕೆಳಗಿಟ್ಟು ಬಗ್ಗಿ ನೋಡಿದರು.

ಅಜ್ಜ ಗೀರು ಮಾಸದ ಕೈಯಿಂದ ಮರಿಯ ಮುಖವನ್ನು ಪೂರ್ತಿ ಮುಚ್ಚಿ ಹಿಡಿದುಕೊಂಡ. ಹಾಗೇ ಎದ್ದು ಹೊಸ್ತಿಲವರೆಗೆ ಹೋಗಿ ಅದನ್ನು ಅಜ್ಜಿಯ ಕೈಗಿಟ್ಟ.

"ಇಲ್ಲೆ," ಎಂದ. "ಚಳಿ ಹೆಚ್ಚು."