ಹೆಬ್ಬೆರಳಿನ ಗುರುತು

ಇದನ್ನು ಬರೆಯಬೇಕೆಂದು ಎರಡು ದೀಪಾವಳಿಗಳಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಏನಾದರೊಂದು ನೆವ ಸಿಗುತ್ತಿತ್ತು. ಕನ್ನಡಕದ ನಂಬರು ಬದಲಾಗಿದೆ, ಒಳ್ಳೆಯ ಪೆನ್ನಿಲ್ಲ, ಮನೆಗೆ ನೆಂಟರು ಬಂದಿದ್ದಾರೆ. ನಿಜವೆಂದರೆ ನಾಚಿಕೆ. ಅರವತ್ತೊಂಬತ್ತು ವರ್ಷದ ಮನುಷ್ಯ ಆಟದ ಸಾಮಾನಿನ ವಿಷಯಕ್ಕೆ ಸುಳ್ಳು ಹೇಳಿ ಒಬ್ಬ ಹೆಂಗಸಿನ ಹೆಸರು ಕೆಡಿಸಿದೆನೆಂದು ಯಾವ ಬಾಯಿಂದ ಹೇಳಲಿ?

ಅವರು ನೆನಪಾದಾಗಲೆಲ್ಲ ಮೊದಲು ಕಾಣುವುದು ಅವರ ಮುಚ್ಚಿದ ಕಣ್ಣುಗಳು. ಪುಣೆ ಕ್ಯಾಂಪಿನ ಒಂದು ಓಣಿಯಲ್ಲಿ ಗಡಿಯಾರ ರಿಪೇರಿಯವನ ಅಂಗಡಿಯ ಅರ್ಧ ಕೌಂಟರು ಅವರದು. ಎತ್ತರದ ಸ್ಟೂಲಿನ ಮೇಲೆ ಕುಳಿತು, ಎಡಗೈಯಿಂದ ಕಂಪ್ಯೂಟರ್ ಆಟದ ಜಾಯ್‌ಸ್ಟಿಕ್ಕಿನ ಬುಡ ಅದುಮಿ, ಬಲಗೈಯ ಎರಡೇ ಬೆರಳುಗಳಲ್ಲಿ ಹಿಡಿಕೆಯನ್ನು ನಿಧಾನವಾಗಿ ತಿರುಗಿಸುತ್ತಿದ್ದರು. ಆಗ ಕಣ್ಣು ಮುಚ್ಚಿರುತ್ತಿತ್ತು. ಓಣಿಯಲ್ಲಿ ಸ್ಕೂಟರುಗಳು ಎಷ್ಟೇ ಅರಚಲಿ, ಅವರು ಕಣ್ಣು ತೆರೆಯುತ್ತಿರಲಿಲ್ಲ. ಹಿಡಿಕೆಯನ್ನು ಅಂಚಿನತನಕ ಎಳೆದು ಫಕ್ಕನೆ ಬಿಡುತ್ತಿದ್ದರು. ಅದು ನಡುವಿಗೆ ಬಂದು ನಿಂತರೆ ಸರಿ. ಕೂದಲೆಳೆಯಷ್ಟು ಆಚೆ ನಿಂತರೂ "ಇದು ಸುಳ್ಳ ಹೇಳತದ" ಎಂದು ಪಕ್ಕಕ್ಕಿಡುತ್ತಿದ್ದರು.

ಓಣಿಯಲ್ಲಿ ಎಲ್ಲರೂ ಅವರನ್ನು ರಿಮೋಟ್ ಬಾಯಿ ಎನ್ನುತ್ತಿದ್ದರು; ಮರಾಠಿಯಲ್ಲಿ ಬಾಯಿ ಎಂದರೆ ಅಮ್ಮ, ಅಕ್ಕ ಎಂದಂತೆ. ಸಂಕೇಶ್ವರದ ಕಡೆಯವರು. ಹದಿನೆಂಟು ವರ್ಷ ಒಂದು ಎಲೆಕ್ಟ್ರಾನಿಕ್ ಕಾರ್ಖಾನೆಯಲ್ಲಿ ಬೆಸುಗೆ ಹಾಕಿ, ಅದು ಮುಚ್ಚಿದ ಮೇಲೆ ಟಿವಿ ರಿಮೋಟ್ ರಿಪೇರಿಗೆ ಕುಳಿತಿದ್ದರು. "ಈಗ ರಿಮೋಟ್ ಯಾರೂ ಮಾಡಸೂದಿಲ್ರಿ ಕಾಕಾ, ಹೊಸಾದ ತಗೋತಾರ. ನಿಮ್ಮಂಥ ವಿಮಾನದ ಹುಚ್ಚರ ಮ್ಯಾಲೆ ನಡದದ ನಮ್ಮ ಅಂಗಡಿ" ಎಂದು ನಗುತ್ತಿದ್ದರು. ಕೆಟ್ಟ ಜಾಯ್‌ಸ್ಟಿಕ್ಕುಗಳನ್ನು ಕೊಂಡು, ಒಳಗಿನ ಸವೆದ ಭಾಗಗಳನ್ನು ಬದಲಿಸಿ, ಹೊಸದರ ಅರ್ಧ ಬೆಲೆಗೆ ಮಾರುತ್ತಿದ್ದರು.

ನಾನೂ ಆ ಹುಚ್ಚರಲ್ಲಿ ಒಬ್ಬ. ಚಾಕಣದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಲೇಥಿನ ಮುಂದೆ ನಿಂತು ನಿವೃತ್ತನಾದವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಗೋಕಾಕದಲ್ಲಿ. ಕಂಪ್ಯೂಟರಿನ ಮುಂದೆ ಕುಳಿತು ವಿಮಾನ ಹಾರಿಸುವ ಆಟವನ್ನು ಅಳಿಯ ತೋರಿಸಿಕೊಟ್ಟ ಮೇಲೆ ಬೇರೆ ಏನೂ ಬೇಡವಾಯಿತು. ಕೀಬೋರ್ಡಿನ ಗುಂಡಿಗಳಲ್ಲಿ ಹಾರಿಸಿದರೆ ವಿಮಾನ ಕುಡಿದವನಂತೆ ಓಲಾಡುತ್ತಿತ್ತು. "ಪೈಲಟ್ ಸಾಹೇಬ್ರ, ವಿಮಾನ ಇಳಸ್ರಿ, ಭಕ್ರಿ ಆರತಾವ" ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದಳು. ಇಳಿಸಲು ಬಂದರೆ ತಾನೇ?

ಅಗ್ಗದ ಜಾಯ್‌ಸ್ಟಿಕ್ ಹುಡುಕುತ್ತ ಮೊದಲ ಸಲ ಅಲ್ಲಿಗೆ ಹೋದಾಗ ನಾನು ಕೈ ಹಾಕಿದ್ದು ಎಲ್ಲಕ್ಕಿಂತ ದೊಡ್ಡದಕ್ಕೆ. ಅದರ ಮೈಮೇಲೆಲ್ಲ ಗುಂಡಿಗಳು, ಕೆಂಪು ದೀಪ. ಬಾಯಿ ಅದನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು.

"ಗುಂಡಿ ಎಣಸಬ್ಯಾಡ್ರಿ. ಗುಂಡಿ ಹೆಚ್ಚಾದ್ರ ವಿಮಾನ ಹೆಚ್ಚ ಹಾರತದೇನು? ಬುಡ ನೋಡ್ರಿ, ಎಷ್ಟ ಹಗೂರ ಅದ. ನೀವ ಜಗ್ಗಿದ್ರ ಟೇಬಲ್ ಬಿಟ್ಟ ಎದ್ದ ಬರತದ."

"ಹಂಗಾದ್ರ ಕಾಲಿನ ಪೆಡಲ್? ಎಡಗೈಗೆ ವೇಗ ಏರಸೂ ಬ್ಯಾರೆ ಥ್ರಾಟಲ್?"

"ಮದಲ ಹಾರೂದ ಕಲೀರಿ. ಈ ದಾಂಡಿ ತಿರುವಿದ್ರ ಬಾಲ ತಿರಗತದ, ಪೆಡಲ್ ಕೆಲಸ ಆತು. ಬುಡಕ್ಕ ಸಣ್ಣ ಹಿಡಿಕಿ ಅದ, ಥ್ರಾಟಲ್ ಆತು. ಆರ ತಿಂಗಳ ಆದ ಮ್ಯಾಲೂ ಹುಚ್ಚ ಬಿಡಲಿಲ್ಲಂದ್ರ ಪೆಡಲ್ ತಗೊಳ್ಳಾಕ ಬರ್ರಿ. ಬಿಡತು ಅಂದ್ರ ನಿಮ್ಮ ರೊಕ್ಕ ಉಳೀತು."

ಮಾರುವವರು ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮನೆಯ ಟೇಬಲ್ ಎಷ್ಟು ಎತ್ತರ, ಕುರ್ಚಿಗೆ ಕೈ ಇದೆಯೇ ಎಂದೆಲ್ಲ ಕೇಳಿದರು. ಆಮೇಲೆ ನನ್ನ ಬಲಗೈಯನ್ನು ನೋಡಿದರು. ಆ ಹೆಬ್ಬೆರಳು ಮಡಚುವುದಿಲ್ಲ. ಕಾರ್ಖಾನೆಯಲ್ಲಿ ಪ್ರೆಸ್ಸಿಗೆ ಸಿಕ್ಕಿ ಚಪ್ಪಟೆಯಾದದ್ದು, ಅಡ್ಡಲಾಗಿ ಒಂದು ಗಾಯದ ಗೆರೆ ಉಳಿದಿದೆ. ಜನರೆದುರು ನಾನು ಅದನ್ನು ಮುಷ್ಟಿಯೊಳಗೆ ಬಚ್ಚಿಡುತ್ತೇನೆ. ಬಾಯಿ ಸಾದಾ ಕಪ್ಪು ಜಾಯ್‌ಸ್ಟಿಕ್ಕೊಂದನ್ನು ಬಿಚ್ಚಿ, ಒಳಗಿನ ಸ್ಪ್ರಿಂಗನ್ನು ತೆಗೆದು ಮೆತ್ತನೆಯದನ್ನು ಹಾಕಿ, ಎಡಗೈಗೂ ಬಲಗೈಗೂ ಹೊಂದುವ ಹಿಡಿಕೆ ಕೂರಿಸಿದರು. ಬಲಗೈ ನೊಂದಾಗ ಎಡಗೈಯಿಂದ ಹಾರಿಸಬಹುದೆಂದು. ಅವತ್ತು ಮನೆಗೆ ಬಂದು ವಿಮಾನವನ್ನು ನೆಟ್ಟಗೆ ಇಳಿಸಿದೆ. ಭಕ್ರಿ ಬಿಸಿಯಾಗಿಯೇ ಇದ್ದವು.

ಅವರದೊಂದು ಪದ್ಧತಿಯಿತ್ತು. ಕೆಲಸ ಮುಗಿದ ಮೇಲೆ ಬುಡ ಮುಚ್ಚುವ ಮುನ್ನ, ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯ ಒಂದು ತುಂಡನ್ನು ಒಳಗೆ ಅಂಟಿಸಿ, ಅದರ ಮೇಲೆ ತಮ್ಮ ಪೂರ್ತಿ ಹೆಸರು ಬರೆಯುತ್ತಿದ್ದರು. ಕನ್ನಡದಲ್ಲಿ. ಮುಚ್ಚಿದ ಮೇಲೆ ಯಾರಿಗೂ ಕಾಣದಲ್ಲ ಎಂದೆ. "ಹೊರಗ ಯಾರ ಬೇಕಾದ್ರೂ ಹೆಸರ ಬರೀತಾರ್ರಿ. ಒಳಗ ಬರದ್ರ ಕೈ ಹದ್ದಬಸ್ತಿನ್ಯಾಗ ಇರತದ" ಎಂದರು. ಪೊಟ್ಟಣ ಕೊಡುವಾಗ ಇನ್ನೊಂದು ಮಾತು ಸೇರಿಸಿದರು. "ಕಾಕಾ, ಫ್ಯಾಕ್ಟರಿ ಮಂದಿ ಕೈ ಸುಮ್ಮ ಇರೂದಿಲ್ಲ. ಕಿರ್ ಅಂದ್ರ ನನ್ನ ಕಡೆ ತರ್ರಿ. ಎಣ್ಣಿ ಮಾತ್ರ ಹಾಕಬ್ಯಾಡ್ರಿ."

ನಾನು ನಕ್ಕೆ. ಮೂವತ್ತನಾಲ್ಕು ವರ್ಷ ಎಣ್ಣೆಯಲ್ಲೇ ಕೈ ತೊಳೆದವನಿಗೆ ಎಣ್ಣೆಯ ಪಾಠ!

ಮೂರು ತಿಂಗಳಿಗೆ ಅದು ಕಿರ್ ಎಂದಿತು. ಟೂಲ್‌ರೂಮಿನಲ್ಲಿ ನಾವು ಕಲಿತದ್ದು ಒಂದೇ: ಸದ್ದು ಮಾಡಿದರೆ ಎಣ್ಣೆ ಹಾಕು. ಕ್ಯಾಂಪಿಗೆ ಹೋಗಲು ಎರಡು ಬಸ್ಸು. ನಾನು ನಾಲ್ಕು ಸ್ಕ್ರೂ ಬಿಚ್ಚಿದೆ. ಬಿಳಿ ಪಟ್ಟಿಯ ಮೇಲೆ ಅವರ ಹೆಸರು ಕಾಣಿಸಿತು. ಹಳೆಯ ಡಬ್ಬಿಯಿಂದ ಗ್ರೀಸ್ ತೆಗೆದು, ತಿರುಗುವುದಕ್ಕೆಲ್ಲ ಧಾರಾಳವಾಗಿ ಬಳಿದೆ. ಸದ್ದು ನಿಂತಿತು. ನನಗೆ ಬಹಳ ಹೆಮ್ಮೆಯಾಯಿತು.

ಹಿಡಿಕೆ ಎಷ್ಟು ವಾಲಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಎರಡು ಸಣ್ಣ ಬಿಲ್ಲೆಗಳು ಒಳಗಿರುತ್ತವೆ. ಅವುಗಳ ಮೇಲೆ ಸೂಜಿಯಂಥ ತಂತಿ ಜಾರುತ್ತದೆ. ಅಲ್ಲಿ ಗ್ರೀಸ್ ಹೋದರೆ ತಂತಿಗೆ ಬಿಲ್ಲೆ ಸಿಗುವುದಿಲ್ಲ. ಬಿಲ್ಲೆಗೆ ಗ್ರೀಸ್ ಆಗದೆಂಬುದು ನನಗೆ ಗೊತ್ತಾದದ್ದು ಆಮೇಲೆ.

ನಮ್ಮಂಥ ಹಾರಾಟಗಾರರ ಒಂದು ಗುಂಪಿತ್ತು. ತಿಂಗಳಿಗೊಂದು ಭಾನುವಾರ ಮಗರಪಟ್ಟಾದಲ್ಲಿ ಸುಹಾಸನೆಂಬ ಐಟಿ ಹುಡುಗನ ಫ್ಲ್ಯಾಟಿನಲ್ಲಿ ಸೇರುತ್ತಿದ್ದೆವು. ಅವನು ಮೈಸೂರಿನವನು. ಹೊಸಬರು ಅಗ್ಗಕ್ಕೆ ಒಳ್ಳೆಯ ಸಾಮಾನು ಎಲ್ಲಿ ಕೊಳ್ಳಬೇಕೆಂದು ಅವನೊಂದು ಪಟ್ಟಿ ಮಾಡಿದ್ದ. ಅದರಲ್ಲಿ ಮೊದಲ ಹೆಸರು ರಿಮೋಟ್ ಬಾಯಿಯವರದು. ಸೇರಿಸಲು ಹೇಳಿದವನು ನಾನೇ. ಅದರಿಂದ ತಿಂಗಳಿಗೆ ಆರೇಳು ಗಿರಾಕಿಗಳಾದರೂ ಬರುತ್ತಾರೆಂದು ಬಾಯಿ ಹೇಳಿದ್ದರು.

ನಾನು ಗ್ರೀಸ್ ಬಳಿದ ಮೇಲಿನ ಭಾನುವಾರ ವಿಮಾನ ಇಳಿಸುವ ಪಂದ್ಯ. ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡುತ್ತಿದ್ದರು. ನನ್ನ ಜಾಯ್‌ಸ್ಟಿಕ್ ಜೋಡಿಸಿಕೊಂಡು ರನ್‌ವೇಗೆ ನೇರ ಹಿಡಿದೆ. ವಿಮಾನ ತನ್ನಷ್ಟಕ್ಕೆ ಎಡಕ್ಕೆ ವಾಲಿತು. ಬಲಕ್ಕೆ ಎಳೆದೆ, ಕುಣಿಯಿತು. ಕೊನೆಗೆ ರನ್‌ವೇ ಬಿಟ್ಟು ಹುಲ್ಲಿನಲ್ಲಿ ಮಗುಚಿಬಿತ್ತು.

"ಕಾಕಾ ಚಾಕಣಕ್ಕ ಡ್ಯೂಟಿಗೆ ಹೊಂಟ್ರು!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕುಬಿಡಬಹುದಿತ್ತು. ಅದರ ಬದಲು ಹೇಳಿದೆ: "ನನ್ನ ತಪ್ಪಲ್ಲ. ಹೊಸಾ ಬಿಲ್ಲಿ ಹಾಕೀನಿ ಅಂತ ಹೇಳಿ ರಿಮೋಟ್ ಬಾಯಿ ಹಳೇವ ಇಟ್ಟಾಳ. ಮೋಸ."

ನಗು ನಿಂತಿತು. ಸುಹಾಸನ ಮುಖ ಗಂಭೀರವಾಯಿತು. "ಅಂಕಲ್, ಇದು ಸೀರಿಯಸ್ಸು. ನಾವು ಹೊಸಬ್ರಿಗೆಲ್ಲ ಅವರ ಹೆಸರು ಕೊಡ್ತಾ ಇದೀವಿ. ಬನ್ನಿ, ಹೋಗಿ ಕೇಳೋಣ."

ಮುಂದಿನ ಶನಿವಾರ ಬೆಳಿಗ್ಗೆ ಇಬ್ಬರೂ ಹೋದೆವು. ಸುಹಾಸ ವಿಷಯ ಹೇಳಿದ. ಬಾಯಿ ಕೇಳಿಸಿಕೊಂಡು, ಸ್ಕ್ರೂ ಬಿಚ್ಚಿ, ಬುಡವನ್ನು ತಮ್ಮ ಕಡೆಗೆ ವಾಲಿಸಿ ಒಳಗೆ ನೋಡಿದರು. ಬೆರಳು ತಾಗಿಸಿ ಮೂಸಿದರು. ಆಮೇಲೆ ಬಹಳ ಹೊತ್ತು ಒಂದೇ ಕಡೆ ನೋಡುತ್ತಿದ್ದರು. ನಾನು ಬಗ್ಗಿ ನೋಡಿದೆ. ಬಿಳಿ ಪಟ್ಟಿಯ ಮೇಲೆ, ಅವರ ಹೆಸರಿನ ಮೇಲೆಯೇ, ಗ್ರೀಸಿನಲ್ಲಿ ಒಂದು ಹೆಬ್ಬೆರಳಿನ ಗುರುತು. ಚಪ್ಪಟೆ, ನಡುವೆ ಅಡ್ಡ ಗೆರೆ. ನನ್ನ ಹೆಬ್ಬೆರಳು ಮುಷ್ಟಿಯೊಳಗೆ ಸೇರಿಕೊಂಡಿತು.

ಬಾಯಿ ತಲೆಯೆತ್ತಿ ಮೆಲ್ಲಗೆ ಕೇಳಿದರು. "ಕಾಕಾ, ನೀವೇನರ ಬಿಚ್ಚಿದ್ರೇನು?"

ಅವರು ನನ್ನನ್ನು ಹಿಡಿಯಲು ಕೇಳಿದ್ದಲ್ಲ, ಬಿಡಿಸಲು ಕೇಳಿದ್ದು. ಹೌದ್ರಿ, ಮರೆತಿದ್ದೆ ಎಂದಿದ್ದರೆ ಅವರೇ ನಕ್ಕು ಮುಗಿಸುತ್ತಿದ್ದರು. ಪಕ್ಕದಲ್ಲಿ ಸುಹಾಸ ನಿಂತಿದ್ದ.

"ಇಲ್ಲ. ನಾ ಯಾಕ ಬಿಚ್ಚಲಿ?" ಎಂದೆ.

ಬಾಯಿ ಬೆರಳನ್ನು ಬಟ್ಟೆಗೆ ಒರೆಸಿಕೊಂಡರು. ಸುಹಾಸನ ಕಡೆ ತಿರುಗಿ, "ನನ್ನ ಸಾಮಾನ ಕೆಟ್ಟದ್ರಿ ಸರ. ಬದಲಿ ಮಾಡಿ ಕೊಡತೀನಿ" ಎಂದರು. ಒಂದು ಗಂಟೆ ಕೂಡಿಸಿಕೊಂಡು ಕೆಲಸ ಮಾಡಿದರು. ಚಹಾ ತರಿಸಿಕೊಟ್ಟರು. ಕೊನೆಗೆ ಕಣ್ಣು ಮುಚ್ಚಿ ಹಿಡಿಕೆ ತಿರುಗಿಸಿ ನೋಡಿ, ನನ್ನ ಮುಂದಿಟ್ಟು ಹೇಳಿದರು. "ಬಿಲ್ಲಿ ತಗದ ಅಯಸ್ಕಾಂತದ್ದ ಹಾಕೀನ್ರಿ ಕಾಕಾ. ಇದಕ್ಕ ಎಣ್ಣಿ ಬಿದ್ರೂ ಏನೂ ಆಗೂದಿಲ್ಲ."

ಸುಹಾಸನಿಗೆ ಆ ಮಾತಿನ ಒಳಾರ್ಥ ತಿಳಿಯಲಿಲ್ಲ. ಕಾರಿನಲ್ಲಿ ಕುಳಿತು, "ಪಾಪ, ಒಪ್ಕೊಂಡ್ರಲ್ಲ. ಆದ್ರೂ ಪಟ್ಟಿಯಲ್ಲಿ ಇಡೋಕಾಗಲ್ಲ ಅಂಕಲ್, ಏನಂತೀರಾ?" ಎಂದ. ಮಗರಪಟ್ಟಾ ಬರುವವರೆಗೆ ದಾರಿ ಉದ್ದವಿತ್ತು. ನಾನು "ಹೌದು, ಆಗೂದಿಲ್ಲ" ಎಂದೆ.

ಆಮೇಲೆ ಎಂಟು ತಿಂಗಳು ಆ ಓಣಿಗೆ ಹೋಗಲಿಲ್ಲ. ಗುಂಪಿಗೂ ಹೋಗುವುದನ್ನು ಬಿಟ್ಟೆ. ಹೆಂಡತಿ, "ಯಾಕ್ರಿ, ಪೈಲಟ್ ರಿಟೈರ್ ಆದ್ರೇನು?" ಎಂದಳು. ಅವಳಿಗೂ ಹೇಳಲಿಲ್ಲ. ಕೊನೆಗೊಂದು ದಿನ ಧೈರ್ಯ ಮಾಡಿ ಹೋದೆ. ಅರ್ಧ ಕೌಂಟರಿನ ತುಂಬ ಮೊಬೈಲ್ ಕವರುಗಳು ತೂಗುತ್ತಿದ್ದವು. ಗಡಿಯಾರದವನು ಕಣ್ಣಿನ ಮಸೂರ ತೆಗೆಯದೆ, "ತ್ಯಾ ಗೇಲ್ಯಾ, ಕಾಕಾ. ಗಿರ್ಹಾಯಿಕಚ ನವ್ಹತಂ" ಎಂದ. ಅವರು ಹೋದರು, ಗಿರಾಕಿಯೇ ಇರಲಿಲ್ಲ ಎಂದು. ಚಾಕಣದ ಯಾವುದೋ ಕಾರ್ಖಾನೆಯಲ್ಲಿ, ಗುತ್ತಿಗೆಯ ಮೇಲೆ, ಕಾರಿನ ವೈರುಗಳನ್ನು ಕಟ್ಟುವ ಕೆಲಸವಂತೆ. ನಿಂತುಕೊಂಡೇ ಮಾಡುವ ಕೆಲಸ ಅದು, ನನಗೆ ಗೊತ್ತು. ಅವರಿಗೆ ಐವತ್ತರ ಮೇಲಾಗಿತ್ತು.

ಚಾಕಣದಲ್ಲಿ ನನಗೆ ಪರಿಚಯದವರು ಇಂದಿಗೂ ಇದ್ದಾರೆ. ನಾಲ್ಕು ಫೋನು ಮಾಡಿದರೆ ಯಾವ ಗೇಟು, ಯಾವ ಪಾಳಿ ಎಂದು ತಿಳಿಯುತ್ತದೆ. ಸಿಗಲಿಲ್ಲ ಎಂದು ಬರೆದರೆ ಇದೂ ಸುಳ್ಳಾಗುತ್ತದೆ. ನಾನು ಹುಡುಕಿಲ್ಲ.

ಇವತ್ತು ಬೆಳಿಗ್ಗೆ, ಬರೆಯಲು ಕೂರುವ ಮುನ್ನ, ಜಾಯ್‌ಸ್ಟಿಕ್ಕಿನ ನಾಲ್ಕು ಸ್ಕ್ರೂಗಳನ್ನು ಮತ್ತೆ ಬಿಚ್ಚಿದೆ. ಒಳಗೆಲ್ಲ ಸ್ವಚ್ಛವಾಗಿದೆ, ಗ್ರೀಸಿನ ಕಲೆಯಿಲ್ಲ. ನನ್ನ ಗುರುತಿದ್ದ ಹಳೆಯ ಪಟ್ಟಿಯನ್ನು ಅವರು ಕಿತ್ತುಹಾಕಿದ್ದಾರೆ. ಅದೇ ಜಾಗದಲ್ಲಿ ಹೊಸ ಬಿಳಿ ಪಟ್ಟಿ ಅಂಟಿಸಿದ್ದಾರೆ. ನಾನು ಚಹಾ ಕುಡಿಯುತ್ತ ಕುಳಿತಿದ್ದಾಗ, ತಮ್ಮನ್ನು ಮೋಸಗಾರ್ತಿಯೆಂದವನ ಎದುರಿಗೇ, ಅವರು ಅದರ ಮೇಲೆ ಮತ್ತೆ ಹೆಸರನ್ನು ದುಂಡಗೆ ಬರೆದಿದ್ದಾರೆ. ನಾನು ಒಂದು ದಿನವೂ ಆ ಹೆಸರು ಹಿಡಿದು ಕರೆಯಲಿಲ್ಲ. ಇಂದುಮತಿ ಶಿವಪ್ಪ ಬಡಿಗೇರ.